ಕೈಮಾತಿಗೊಂದು ಕ್ಯಾಮೆರಾ

ಪಂಪ್ ರಿಪೇರಿಯವನು ಯಾವ ವಸ್ತುವನ್ನೂ ಅವಸರದಲ್ಲಿ ಕೊಂಡವನಲ್ಲ. ಒಂದು ವಾಷರ್ ಬೇಕಾದರೂ ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಮೂಸಿ ನೋಡಿಯೇ ಜೇಬಿಗೆ ಹಾಕುವ ಆಸಾಮಿ. ತನ್ನ ನಡುವಕ್ಕನ ಮನೆಯ ಕಂಪ್ಯೂಟರಿಗೆ ವೆಬ್‌ಕ್ಯಾಮ್ ತರಲು ಪೇಟೆಗೆ ಹೋದಾಗಲೂ ಅಷ್ಟೆ. ಅಂಗಡಿಯಲ್ಲಿ ಅರ್ಧ ದಿನ ನಿಂತು, ಇದ್ದ ಏಳು ಕ್ಯಾಮೆರಾಗಳಲ್ಲಿ ಧ್ವನಿ ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುವುದನ್ನೇ ಆರಿಸಿ ತಂದ.

ನಡುವಕ್ಕ ಡಬ್ಬಿಯನ್ನು ಆ ಕಡೆ ಈ ಕಡೆ ತಿರುಗಿಸಿ ಮೇಲಿನ ಬರಹ ಓದಿದಳು. ಪ್ಲಾಸ್ಟರ್ ಹಾಕಿದ ಕಾಲು ಸ್ಟೂಲಿನ ಮೇಲೆ ಕುಣಿಯುವ ಹಾಗೆ ನಕ್ಕಳು. ಆಮೇಲೆ ಎರಡು ಬೆರಳೆತ್ತಿ, ತನ್ನ ಕಿವಿ ತೋರಿಸಿ, ಕೊಟ್ಟಿಗೆಯ ಕಡೆ ಕೈ ಮಾಡಿದಳು.

"ಎರಡು ಮೈಕಂತೆ. ಒಂದು ನನಗೆ, ಇನ್ನೊಂದು ಹಸುವಿಗಾ?"

ನಡುವಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಕ್ಯಾಮೆರಾ ತಂದ ತಮ್ಮ ತಲೆ ಕೆರೆದುಕೊಂಡ. ಅಂಗಡಿಯಲ್ಲಿ ಅರ್ಧ ದಿನ ನಿಂತರೂ ಆ ಸಂಗತಿ ಅವನ ತಲೆಗೆ ಹೊಳೆದಿರಲಿಲ್ಲ. ಅದಕ್ಕೂ ಕಾರಣವಿತ್ತು. ಅವಳ ಜೊತೆ ಮಾತಾಡುವಾಗ ಅವಳಿಗೆ ಕೇಳಿಸದು ಅನ್ನುವುದೇ ಅವನಿಗೆ ಮರೆತುಹೋಗುತ್ತಿತ್ತು.

ಅವರು ಒಟ್ಟು ನಾಲ್ವರು: ದೊಡ್ಡಕ್ಕ, ನಡುವಕ್ಕ, ಚಿಕ್ಕಕ್ಕ, ಕೊನೆಯವನು ತಮ್ಮ. ಚಿಕ್ಕಂದಿನಲ್ಲಿ ನಾಲ್ವರೂ ಸೇರಿ ಕಟ್ಟಿಕೊಂಡ ಒಂದು ಕೈಮಾತಿತ್ತು. ಗದ್ದದ ಮಚ್ಚೆಯ ಜಾಗ ಮುಟ್ಟಿದರೆ ದೊಡ್ಡಕ್ಕ. ಬೆರಳುಗಳನ್ನು ಬಾತುಕೋಳಿಯ ಕೊಕ್ಕಿನಂತೆ ಪಟಪಟ ಬಡಿದರೆ ಚಿಕ್ಕಕ್ಕ. ಯಾಕೆಂದು ಅವಳ ಜೊತೆ ಐದು ನಿಮಿಷ ಕೂತವರಿಗೆ ತಾನಾಗಿ ತಿಳಿಯುತ್ತಿತ್ತು. ಕಿವಿಯನ್ನು ಮುಂದಕ್ಕೆ ಮಡಚಿದರೆ ತಮ್ಮ. ಅವನನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗಿದವಳು ನಡುವಕ್ಕ. ಹಾಗಾಗಿ ಬಾಯಿಗಿಂತ ಮೊದಲು ಕೈಯಲ್ಲಿ ಮಾತು ಕಲಿತ ಮಗು ಅವನು.

ಪ್ರತಿ ಭಾನುವಾರ ನಡುವಕ್ಕ ಬಸ್ಸು ಹತ್ತಿ ದೊಡ್ಡಕ್ಕನ ಮನೆಗೆ ಬರುವಳು, ಉಳಿದವರೂ ಅಲ್ಲಿ ಸೇರುವರು. ಹುಲ್ಲಿನ ಅಟ್ಟದ ಏಣಿಯಿಂದ ಜಾರಿ ಕಾಲು ಮುರಿದುಕೊಂಡ ಮೇಲೆ ಮೂರು ತಿಂಗಳು ಬಸ್ಸು ಹತ್ತುವಂತಿರಲಿಲ್ಲ. ಫೋನಿನಲ್ಲಿ ಮಾತಾಡಿ ನೋಡಿದ್ದಾಯಿತು. ಮಾತಾಡಲು ಅವಳಿಗೆ ಎರಡು ಕೈಯೂ ಬೇಕು. ಹಾಲಿನ ಕ್ಯಾನಿಗೆ ಒರಗಿಸಿಟ್ಟ ಫೋನು ಜಾರಿ ಬಿದ್ದು ಸೂರು ತೋರಿಸುತ್ತಿತ್ತು. ಅವಳ ಗಂಡನ, ಅಂದರೆ ಭಾವನ, ಹಳೇ ಕಂಪ್ಯೂಟರಿಗೆ ದೊಡ್ಡ ಪರದೆಯಿತ್ತು, ಕಣ್ಣಿರಲಿಲ್ಲ. ಅದಕ್ಕೇ ಈ ಕ್ಯಾಮೆರಾ.

ಮೊದಲ ಭಾನುವಾರ ನಾಲ್ಕು ಮನೆಗಳಿಂದ ನಾಲ್ವರೂ ಕೂತರು. ತಮ್ಮ ಹಾಕಿಕೊಟ್ಟ ಆ್ಯಪಿಗೆ ಒಂದು ಚಾಳಿಯಿತ್ತು. ಸದ್ದು ಮಾಡಿದವರ ಮುಖವನ್ನು ಪರದೆ ತುಂಬ ಹಿಗ್ಗಿಸುವುದು, ಸುಮ್ಮನಿದ್ದವರನ್ನು ಅಂಚೆಚೀಟಿಯಷ್ಟು ಮಾಡಿ ಮೂಲೆಗೆ ಅಂಟಿಸುವುದು. ದೊಡ್ಡಕ್ಕ "ನಾನು ಕಾಣಿಸ್ತಿದೀನಾ?" ಅಂದಳು, ಪರದೆ ಅವಳದಾಯಿತು. ಅವಳ ಒಲೆಯ ಮೇಲೆ ಕುಕ್ಕರ್ ಕೂಗಿತು, ಮತ್ತೆ ಅವಳೇ. ಅಷ್ಟರಲ್ಲಿ ಚಿಕ್ಕಕ್ಕ ಬಾಯಿ ತೆರೆದಳು; ಅಲ್ಲಿಂದಾಚೆ ಬೇರೆಯವರಿಗೆ ಪರದೆ ಸಿಕ್ಕಿದ್ದು ಕಡಿಮೆ. ಮೂಲೆಯ ಚೌಕದಲ್ಲಿ ನಡುವಕ್ಕ ಕೈ ಆಡಿಸುತ್ತಲೇ ಇದ್ದಳು. ಮಬ್ಬು ಕೋಣೆಯಲ್ಲಿ ಅವಳ ಬೆರಳುಗಳು ಒದ್ದೆ ಬಟ್ಟೆ ಬೀಸಿದಂತೆ ಕಾಣುತ್ತಿದ್ದವು. ಒಂದೇ ಒಂದು ಸಲ ಅವಳ ಮುಖ ಪರದೆ ತುಂಬ ಬಂತು, ಹಿಂದೆ ಹಸು ಅಂಬಾ ಅಂದಾಗ.

"ಹಣೆ ಕೆರ್ಕೊಳ್ತಿದಾಳೆ ನೋಡು, ಸೊಳ್ಳೆ ಇರಬೇಕು," ಅಂದಳು ಚಿಕ್ಕಕ್ಕ.

ನಡುವಕ್ಕ ಅದೇ ಮಾತನ್ನು ಮೂರು ಸಲ ಆಡಿದಳು. ಆಮೇಲೆ ಅವಳ ಕೈ ಮುಂದಕ್ಕೆ ಬಂತು, ಚೌಕ ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ಎಲ್ಲರ ಫೋನಿಗೂ ಬರಹ ಬಂತು: "ನೀವು ನೀವೇ ಮಾತಾಡ್ಕೊಳ್ಳಿ. ಇನ್ನು ನನ್ನ ಕರೀಬೇಡಿ. ಬೇಕಾದ್ರೆ ಹಸುನ ಕೂರಿಸ್ತೀನಿ, ಅದರ ಮಾತಾದ್ರೂ ನಿಮಗೆ ಕೇಳಿಸುತ್ತೆ."

ಮೂವರೂ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ನಡುವಕ್ಕ ತಮಾಷೆಯಾಗಿ ಆಡಿದ ಮಾತನ್ನೇ ನಿಜ ಮಾಡಿ ತೋರಿಸುವ ಪೈಕಿ. ಹಿಂದೊಮ್ಮೆ ಸೋದರತ್ತೆಯ ಮನೆಯಲ್ಲಿ ಯಾರೂ ತನ್ನ ಜೊತೆ ಮಾತಾಡಲಿಲ್ಲವೆಂದು "ಇನ್ನು ಬರೋದಿಲ್ಲ" ಅಂದವಳು, ಹನ್ನೊಂದು ವರ್ಷವಾದರೂ ಆ ಬೀದಿಗೆ ಕಾಲಿಟ್ಟಿರಲಿಲ್ಲ.

ಮಾರನೆಯ ದಿನ ತಮ್ಮ, ಭಾವನ ಕೈಯಿಂದ ಕ್ಯಾಮೆರಾ ತರಿಸಿಕೊಂಡು, ಮತ್ತೆ ಅಂಗಡಿಗೆ ಹೋದ. ಅಂಗಡಿಯಾಕೆ ಕನ್ನಡಕ ಏರಿಸಿಕೊಂಡಳು.

"ಯಾಕಣ್ಣ, ಧ್ವನಿ ಸರಿ ಬರಲ್ವಾ?"

"ಧ್ವನಿ ಬೇಡಮ್ಮ. ಕೈ ಬೇಕು."

"ಕೈಯಾ?"

ಅವನು ಎಲ್ಲ ಬಿಡಿಸಿ ಹೇಳಿದ. ಆಕೆ ನಗಲಿಲ್ಲ, ತುಟಿ ಕಚ್ಚಿ ತಡೆದುಕೊಂಡಳು. "ಇದನ್ನ ಮೊದಲೇ ಹೇಳೋದಲ್ವಾ? ನೀವು ತಗೊಂಡಿದ್ದು ಬೆಳಕು ಕಮ್ಮಿ ಆದ್ರೆ ಸೆಕೆಂಡಿಗೆ ಹತ್ತೋ ಹನ್ನೆರಡೋ ಚಿತ್ರ ಹಿಡಿಯುತ್ತೆ ಅಷ್ಟೆ. ಕೈ ಜೋರಾಗಿ ಆಡಿದ್ರೆ ಬಳಿದ ಹಾಗೆ ಕಾಣುತ್ತೆ. ಇದು ನೋಡಿ, ಅರವತ್ತು ಹಿಡಿಯುತ್ತೆ. ಆದ್ರೆ ಕಂಪ್ಯೂಟರಿನಲ್ಲಿ ಒಳಗೆ ನೀಲಿ ಇರೋ ಯುಎಸ್‌ಬಿ ತೂತು ಬೇಕು. ಇದೆಯಾ?"

ತಮ್ಮ ಭಾವನಿಗೆ ಫೋನ್ ಹಚ್ಚಿದ. ಭಾವ ಟಾರ್ಚ್ ಹಿಡಿದು ಮೇಜಿನ ಕೆಳಗೆ ತೂರಿಕೊಂಡ ಸದ್ದು ಕೇಳಿಸಿತು.

"ಜೇಡ ಇದೆ."

"ತೂತು ನೋಡಿ ಭಾವ."

"ನೀಲಿ ಒಂದೇ ಒಂದಿದೆ. ಅದ್ರಲ್ಲಿ ಪ್ರಿಂಟರ್ ಕೂತಿದೆ."

"ಅದನ್ನ ಕಿತ್ತು ಪಕ್ಕದ್ದಕ್ಕೆ ಹಾಕಿ. ಫೋನ್ ಇಡಬೇಡಿ, ಇರಿ."

ಅಂಗಡಿಯಾಕೆ ಹೊಸ ಕ್ಯಾಮೆರಾ ಜೋಡಿಸಿ ಪರದೆಯನ್ನು ಅವನ ಕಡೆ ತಿರುಗಿಸಿದಳು. "ಆಡಿಸಿ ನೋಡಿ ಕೈನ."

ಏನಾಡುವುದೆಂದು ತಿಳಿಯದೆ, ಹಿಂದಿನ ದಿನ ನಡುವಕ್ಕ ಆಡಿದ್ದನ್ನೇ ಆಡಿದ. ಹೊಟ್ಟೆಯ ಮೇಲಿಂದ ಅಂಗೈ ಕೆಳಕ್ಕೆ ಜಾರಿಸಿದ. ಎರಡು ಮುಷ್ಟಿಗಳನ್ನು ತೂರಾಡಿಸಿದ, ನಿಲ್ಲಲು ಬಾರದ ಕಾಲುಗಳಂತೆ. ಹಣೆಯ ನಡುವೆ ಒಂದು ಬೆರಳು ಒತ್ತಿದ. ಪರದೆಯಲ್ಲಿ ಬೆರಳ ಗೆಣ್ಣಿನ ಗ್ರೀಸ್ ಕೂಡ ಸ್ಪಷ್ಟವಾಗಿ ಕಂಡಿತು. ಅವನ ಬೆರಳು ಹಣೆಯ ಮೇಲೆಯೇ ನಿಂತಿತು.

"ಅಯ್ಯೋ! ಹಸು ಕರು ಹಾಕಿದೆ! ಹಣೆಯಲ್ಲಿ ಬಿಳಿ ಚುಕ್ಕೆ!"

"ಯಾವ ಹಸು ಅಣ್ಣ?"

"ನಮ್ಮಕ್ಕಂದು. ನಿನ್ನೆ ಮೂರು ಸಲ ಹೇಳಿದ್ಲು. ನಾವು ಸೊಳ್ಳೆ ಅಂದ್ವಿ." ಅವನು ಫೋನ್ ಎತ್ತಿಕೊಂಡ. "ಭಾವ, ನೀವಾದ್ರೂ ಹೇಳಬಾರದಿತ್ತಾ?"

"ನಾನೇ ಹೇಳ್ತೀನಿ, ನೀವು ತುಟಿ ಬಿಚ್ಚಬೇಡಿ ಅಂದಿದ್ಲು," ಅಂದ ಭಾವ ಮೇಜಿನ ಕೆಳಗಿನಿಂದ.

ಆ ವಾರವೆಲ್ಲ ವರ್ಕ್‌ಶಾಪಿನಲ್ಲಿ ಪಂಪುಗಳು ಬಾಯಿ ತೆರೆದುಕೊಂಡೇ ಬಿದ್ದಿದ್ದವು. ತಮ್ಮ ಇಬ್ಬರು ಅಕ್ಕಂದಿರನ್ನು ಕಟ್ಟಿಕೊಂಡು ಒಂದೊಂದೇ ಆ್ಯಪ್ ಹಾಕಿ ನೋಡಿದ. ಒಂದು ನಲವತ್ತು ನಿಮಿಷಕ್ಕೆ ತಾನೇ ಕಡಿದುಬಿಡುತ್ತಿತ್ತು. ಚಿಕ್ಕಕ್ಕನ ಪೀಠಿಕೆಯೇ ಅದಕ್ಕಿಂತ ಉದ್ದ. ಇನ್ನೊಂದು ಮುಖ ಬಿಟ್ಟು ಹಿಂದಿನದನ್ನೆಲ್ಲ ಮಸುಕು ಮಾಡುತ್ತಿತ್ತು, ಪಕ್ಕಕ್ಕೆ ಚಾಚಿದ ಕೈಗಳನ್ನೂ ಸೇರಿಸಿ. ಮೂರನೆಯದರಲ್ಲಿ ಚೌಕಗಳೆಲ್ಲ ಸಮಸಮ ನಿಂತವು. ಸದ್ದಿಗೆ ಕದಲಲಿಲ್ಲ. ಆದರೂ ಬಾಯಿ ನಡೆಯುತ್ತಿದ್ದರೆ ಕೈ ಮರೆಯುತ್ತದೆಂದು ಎಲ್ಲರೂ ಮೈಕ್ ಮುಚ್ಚಬೇಕೆಂದ.

"ಮೈಕ್ ಮುಚ್ಚಿಬಿಟ್ಟು ನಾನೇನೋ ಮಾಡ್ಲಿ?" ಚಿಕ್ಕಕ್ಕ ಹೌಹಾರಿದಳು.

"ಕೈಯಲ್ಲಿ ಆಡು."

"ನನ್ನ ಕೈಗೆ ಅಷ್ಟು ಮಾತು ಬರಲ್ಲ ಕಣೋ."

"ಊರಿಗೇ ಒಳ್ಳೇದಾಯ್ತು ಬಿಡು," ಅಂದಳು ದೊಡ್ಡಕ್ಕ.

ಶನಿವಾರ ತಮ್ಮ ನಡುವಕ್ಕನ ಮನೆಗೆ ಹೋದ. ಅವಳು ಬಟಾಣಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ. ಕಣ್ಣು ಕೊಡದಿದ್ದರೆ ಅವಳ ಪಾಲಿಗೆ ಎದುರಿಗಿದ್ದವನು ಮೂಗನೇ. ಅವನು ಹೊಸ ಕ್ಯಾಮೆರಾ ಜೋಡಿಸಿದ, ಮೇಜನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಕೊನೆಗೆ ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬಟಾಣಿ ತಟ್ಟೆಯ ಮೇಲೆಯೇ ಕೈ ಆಡಿಸಿದ.

"ಕರು ನೋಡೋಕೆ ಬಂದೆ. ಚುಕ್ಕೆಯದು."

ಅವಳ ಕೈ ನಿಂತಿತು. ನಿಧಾನವಾಗಿ ತನ್ನ ಕಿವಿಯನ್ನು ಮುಂದಕ್ಕೆ ಮಡಚಿ, ಕಣ್ಣು ತೋರಿಸಿದಳು. "ಕಿವಿಯಪ್ಪನಿಗೆ ಕಣ್ಣು ಬಂತಾ?"

"ಬಂತು. ತಡವಾಗಿ ಬಂತು."

"ಒಂದು ಭಾನುವಾರ ನೋಡ್ತೀನಿ," ಅವಳ ಬೆರಳು ಖಡಾಖಂಡಿತವಾಗಿ ಎದ್ದಿತು. "ಒಂದೇ."

ಭಾನುವಾರ ನಾಲ್ಕು ಚೌಕಗಳಲ್ಲಿ ನಾಲ್ವರು ಕೂತರು. ಮೈಕ್ ಮುಚ್ಚಿತ್ತು. ದೊಡ್ಡಕ್ಕನೇ ಮೊದಲು ಕರುವಿನ ಸುದ್ದಿ ಕೇಳಿದಳು. "ಯಾವ ಕರು? ಇಲ್ಲಿರೋದು ಸೊಳ್ಳೆ," ಅಂದಳು ನಡುವಕ್ಕ. ಅವರನ್ನು ಚೆನ್ನಾಗಿ ಕಾಯಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಶುರುಮಾಡಿದಳು: ಹಸು ಬೆಳಗಿನಿಂದ ಸುತ್ತು ಹಾಕಿದ್ದು, ಕರುವಿನ ಒಂದೇ ಕಾಲು ಮೊದಲು ಕಂಡಿದ್ದು, ತಾನು ಪ್ಲಾಸ್ಟರ್ ಕಾಲು ನೀಡಿಕೊಂಡು ಕೊಟ್ಟಿಗೆಯಲ್ಲೇ ಕೂತು ಎಳೆದದ್ದು, ಗಂಡ ಹಗ್ಗ ಹಿಡಿದು ಕಣ್ಣು ಮುಚ್ಚಿಕೊಂಡದ್ದು. ಚಿಕ್ಕಕ್ಕ ನಗುತ್ತ ಚೌಕದಿಂದ ಆಚೆ ಉರುಳಿದಳು. ದೊಡ್ಡಕ್ಕ "ಹಗ್ಗ" ಅನ್ನುವುದನ್ನು ತಪ್ಪಾಗಿ ಆಡಿ ಬೈಸಿಕೊಂಡಳು.

ಮಾತು ಕರುವಿನಿಂದ ಬೇರೆಲ್ಲಿಗೋ ಹೋಗಿ ಎರಡು ಗಂಟೆಯಾಯಿತು. ಮುಂದಿನ ಭಾನುವಾರ ದೀಪ ಯಾರ ಯಾರ ಯಾವ ಪಕ್ಕಕ್ಕಿರಬೇಕೆಂದು ನಡುವಕ್ಕ ಒಬ್ಬೊಬ್ಬರಿಗೂ ಅಪ್ಪಣೆ ಕೊಡುತ್ತಿದ್ದಳು. ಅವಳ ಹಿಂದಿನ ಬಾಗಿಲಲ್ಲಿ ಭಾವ ಬಕೆಟ್ ಹಿಡಿದು ನಿಂತಿದ್ದುದು ತಮ್ಮನಿಗೆ ಕಂಡಿತು. ಭಾವನ ಬಾಯಿ ಆಡುತ್ತಿತ್ತು, ಹಾಲು ಕರೆಯುವ ಹೊತ್ತಾಯಿತೆಂದೋ ಏನೋ. ಯಾರಿಗೂ ಕೇಳಿಸಲಿಲ್ಲ. ಭಾವ ಮತ್ತೊಮ್ಮೆ ಬಾಯಿ ತೆರೆದ, ಮುಚ್ಚಿದ. ಕೊನೆಗೆ ಬಕೆಟ್ ಕೆಳಗಿಟ್ಟು, ಹೆಂಡತಿಯ ಪಕ್ಕಕ್ಕೆ ಬಂದು, ಕ್ಯಾಮೆರಾದ ಮುಂದೆ ಕೈ ಎತ್ತಿ ನಿಂತ.

ನಡುವಕ್ಕ ಅವನತ್ತ ಓರೆಗಣ್ಣಲ್ಲಿ ನೋಡಿ, ತಡಿ ಎಂಬಂತೆ ಅಂಗೈ ಅಡ್ಡ ಹಿಡಿದು, ತನ್ನ ಮಾತು ಮುಂದುವರಿಸಿದಳು.