ಹದಿನಾಲ್ಕನೇ ಮಂಚದ ಉಪವಾಸ

ಆದವಾನಿಯ ಆ ಖಾಸಗಿ ಆಸ್ಪತ್ರೆಯಲ್ಲಿ ಭುವನಾಗೆ ಇದ್ದದ್ದು ಒಂದೇ ಕೆಲಸ. ಟ್ಯಾಬ್ ಹಿಡಿದು ಮಂಚದಿಂದ ಮಂಚಕ್ಕೆ ಹೋಗಿ, ನಮ್ಮ ಸೇವೆ ಹೇಗಿತ್ತು ಎಂದು ಕೇಳಿ, ಪರದೆಯ ಮೇಲಿನ ಐದು ಮುಖಗಳಲ್ಲಿ ಒಂದನ್ನು ರೋಗಿಯಿಂದ ಒತ್ತಿಸಬೇಕು. ಅಳುವ ಮುಖಕ್ಕೆ ಒಂದು ಅಂಕ, ನಗುವ ಮುಖಕ್ಕೆ ಐದು. ಎಮ್ಮಿಗನೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಅವಳು ಆರು ತಿಂಗಳಲ್ಲಿ ಅಳುವ ಮುಖ ಒತ್ತಿದವರನ್ನು ಕಂಡದ್ದು ಇಬ್ಬರನ್ನೋ ಮೂವರನ್ನೋ.

ಬುಧವಾರ ಮಧ್ಯಾಹ್ನ ಹದಿನಾಲ್ಕನೇ ಮಂಚದ ನರಸಣ್ಣನೂ ನಗುವ ಮುಖವನ್ನೇ ಒತ್ತಿದ. ಇನ್ನೊಂದು ಕೈಗೆ ಗ್ಲೂಕೋಸ್ ಹಚ್ಚಿದ್ದರು.

ನಾಗಲದಿನ್ನೆಯ ಕೂಲಿಯವನು. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಎರಡು ಬೆರಳು ಕಪ್ಪಾಗಿದ್ದವು, ತೆಗೆಯಬೇಕಿತ್ತು. ಸೋಮವಾರ ಮಲಗುವ ಮುಂಚೆ ನರ್ಸ್ ಒಬ್ಬಳು "ಏಮೀ ತಿನೊದ್ದು, ರೇಪು ಆಪರೇಷನ್" ಎಂದು ತೆಲುಗಿನಲ್ಲಿ ಹೇಳಿ ಹೋಗಿದ್ದಳು; ಏನೂ ತಿನ್ನಬೇಡ, ನಾಳೆ ಆಪರೇಷನ್ ಅಂತ. ಮಂಗಳವಾರ ಆಪರೇಷನ್ ಆಗಲಿಲ್ಲ. ಸಂಜೆ ಒಂದು ಲೋಟ ಗಂಜಿ ಕುಡಿಸಿ ಮತ್ತೆ ಬಾಯಿ ಕಟ್ಟಿಸಿದರು. ಬುಧವಾರದ್ದೂ ಮುಂದಕ್ಕೆ ಹೋಯಿತು. ಹೋದ ಸುದ್ದಿಯನ್ನು ಅವನಿಗೆ ಯಾರೂ ಹೇಳಲಿಲ್ಲ. ಕೂತಲ್ಲೇ ಕಾದ ಮನುಷ್ಯ ಹನ್ನೆರಡಕ್ಕೆ ಮಂಚದಿಂದ ಕೆಳಗೆ ಕುಸಿದ.

"ಇಷ್ಟೆಲ್ಲ ಆದಮ್ಯಾಗೂ ಐದು ಕೊಟ್ರಲ್ಲ, ಯಾಕ್ರಿ?" ಭುವನಾ ಕೇಳಿದಳು.

ಉತ್ತರ ಕೊಟ್ಟವಳು ಅವನ ಹೆಂಡತಿ ಉರುಕುಂದಮ್ಮ. "ನಾಳೆ ಮತ್ತ ಇವ್ರ ಕೈಯಾಗೇ ಕಾಲು ಕೊಡಬೇಕಲ್ಲವ್ವ. ಒಂದು ಒತ್ತಿದ್ರ ಬ್ಯಾಂಡೇಜು ಬಿಚ್ಚೋರು ಹೆಂಗ ಬಿಚ್ಚತಾರೋ." ಹಾಗೇ ಮುಂದುವರಿಸಿದಳು: "ಮುಂಜಾನೆ ನಿನ್ನೇ ಕೇಳಿದ್ನಿ, ಒಂದು ಗುಟುಕು ನೀರು ಕೊಡಲೇನಂತ. ನರ್ಸಮ್ಮನ್ನ ಕೇಳ್ರಿ ಅಂದು ಹೋದಿ."

ಹೌದು, ಭುವನಾ ಹಾಗೆ ಅಂದಿದ್ದಳು. ಆಗ ಅದು ತಪ್ಪೆನ್ನಿಸಿರಲಿಲ್ಲ.

ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಮನೆಯಲ್ಲಿ ಅವ್ವ ಎರಡು ಸಲ ಊಟಕ್ಕೆ ಕರೆದಳು. ಭುವನಾ ತಟ್ಟೆಯ ಮುಂದೆ ಕೂತು ಉಣ್ಣದೇ ಎದ್ದಳು.

ಗುರುವಾರ ಎಂಟಕ್ಕೇ ವಾರ್ಡಿಗೆ ಬಂದಳು. ಅಂದು ಮೂರು ಮಂಚಗಳಲ್ಲಿ ಉಪವಾಸ. ಇವತ್ತು ಯಾರ‍್ಯಾರದು ಆಪರೇಷನ್ ಎಂದು ನರ್ಸನ್ನು ಕೇಳಿದಳು. "ಥಿಯೇಟರ್‌ನವರಿಗೆ ಗೊತ್ತು." ಆಪರೇಷನ್ ಥಿಯೇಟರಿದ್ದ ಮೇಲಿನ ಮಹಡಿಗೆ ಹತ್ತಿದಳು. "ವಾರ್ಡಿಗೆ ಡಾಕ್ಟರ್ ಹೇಳ್ತಾರ." ಕೆಳಗಿಳಿದಳು. ಡಾಕ್ಟರು ನಡೆಯುತ್ತಲೇ, "ಲಿಸ್ಟು ಥಿಯೇಟರ್‌ನಲ್ಲೇ ಇದೆಯಲ್ಲಮ್ಮ" ಅಂದರು. ಮತ್ತೆ ಹತ್ತಿದಳು. ಬಾಗಿಲಿಗೆ ಅಂಟಿಸಿದ್ದ ಹಾಳೆಯ ಫೋಟೋ ತೆಗೆದುಕೊಂಡು ಓಡಿ ಬಂದು ಹೆಡ್ ನರ್ಸ್ ಅಕ್ಕನಾಗಮ್ಮನ ಮುಂದೆ ಹಿಡಿದಳು. ನರಸಣ್ಣನ ಹೆಸರಿತ್ತು. ಉಳಿದಿಬ್ಬರದು ಇರಲಿಲ್ಲ.

"ನಿನಗ ಯಾರು ಹೇಳಿದ್ರು ಇದನ್ನ ಮಾಡಾಕ?" ಅಕ್ಕನಾಗಮ್ಮ ಗದರಿದಳು.

"ಯಾರೂ ಹೇಳಿಲ್ರಿ ಸಿಸ್ಟರ್. ಹೇಳೋರು ಯಾರೂ ಇಲ್ಲ ಅಂತ್ಲೇ ಬಂದೀನಿ."

ಅಕ್ಕನಾಗಮ್ಮ ಫೋಟೋ ದೊಡ್ಡದು ಮಾಡಿ ನೋಡಿದಳು. ಮೂವತ್ತು ವರ್ಷದ ನೌಕರಿ ಅವಳದು. ಎದ್ದು, ಡಾಕ್ಟರಿಗೆ ಫೋನು ಹಚ್ಚಿ ಕೇಳಿ, ಆ ಇಬ್ಬರಿಗೂ ಇಡ್ಲಿ ತರಿಸಿದಳು. ಹನ್ನೊಂದಕ್ಕೆ ನರಸಣ್ಣನನ್ನು ಒಳಗೆ ಒಯ್ದರು.

ಅಂದಿನಿಂದ ಭುವನಾ ಮುಖ ತೋರಿಸುವ ಮುಂಚೆ ಇನ್ನೊಂದು ಮಾತು ಕೇಳತೊಡಗಿದಳು: "ಯಾವ ಹೊತ್ತಿನಾಗ ನಿಮಗ ಮುಂದೇನಂತ ಏನೂ ತಿಳೀಲಾರದಂಗ ಆತು?" ಜನ ಬಾಯಿಬಿಟ್ಟರು. ಬೆರಳುಗಳು ನಗುವ ಮುಖ ಬಿಟ್ಟು ಈಚೆ ಸರಿದವು. ಶನಿವಾರ ಮ್ಯಾನೇಜರ್ ಸೋಮೇಶ್ ಕರೆಸಿದ.

"ಸರಾಸರಿ ಅಂಕ ನಾಲ್ಕು ಪಾಯಿಂಟ್ ಎಂಟು ಇದ್ದದ್ದು ಮೂರೂವರಿಗೆ ಬಂದೈತಿ. ಏನು ಮಾಡಾಕತ್ತೀಯಮ್ಮ ನೀನು?"

"ಕೇಳಾಕತ್ತೀನಿ ಸಾರ್."

"ಆಕಿ ತಪ್ಪಲ್ಲ," ಬಾಗಿಲಲ್ಲಿ ಅಕ್ಕನಾಗಮ್ಮ. "ನಂದು. ಇನ್ಮ್ಯಾಲೆ ದಿನಾ ಹತ್ತು ಗಂಟೆಗೆ ಲಿಸ್ಟು ವಾರ್ಡಿಗೆ ಬರಬೇಕು. ನನ್ನ ಹುಡುಗೀರು ಮಂಚದ ಹತ್ರ ಹೋಗಿ ಓದತಾರ. ಬರಲಿಲ್ಲಂದ್ರ ನಾನೇ ಮ್ಯಾಲೆ ಹತ್ತತೀನಿ, ಮೊಣಕಾಲು ನೋವಿದ್ರೂ ಸರಿ."

ಸೋಮವಾರ ಹತ್ತೂಕಾಲಕ್ಕೆ ಹಾಳೆ ಬಂತು. ಮಂಗಳವಾರ ಬರಲಿಲ್ಲ, ಅಕ್ಕನಾಗಮ್ಮ ಹತ್ತಿದಳು. ಬುಧವಾರ ಬಂತು.

ಅಂದು ನರಸಣ್ಣನ ಕಾಲು ದಿಂಬಿನ ಮೇಲಿತ್ತು. ಉರುಕುಂದಮ್ಮ ತಾನೇ ಕೈ ಬೀಸಿ ಕರೆದಳು. "ಬರಕೋ ಯವ್ವ. ಹೆಣ್ಣುಮಕ್ಕಳ ಬಾತ್‌ರೂಮಿಗೆ ಚಿಲಕ ಇಲ್ಲ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಬಾಗಲಾ ಹಿಡಕಂಡು ನಿಂದರಬೇಕು."

ಟ್ಯಾಬಿನಲ್ಲಿ ಬರೆಯಲು ಜಾಗವಿರಲಿಲ್ಲ. ಭುವನಾ ಹೋಗಿ ನೋಡಿದಳು. ಬಾಗಿಲಲ್ಲಿ ಮೊಳೆಯ ನಾಲ್ಕು ತೂತುಗಳಷ್ಟೇ. ಸೋಮೇಶ್ ಊಟಕ್ಕೆ ಕೂತಿದ್ದಾನೆಂದು ಯಾರೋ ಅಂದರು. ಅವಳು ಅವನ ಕೋಣೆಯ ಹೊರಗೆ ಹೋಗಿ ನಿಂತಳು.