ನೂರ ಎಂಬತ್ತೇಳನೆಯ ಹಾಡು

ನಾನು ಒಂದು ಹಲಗೆ. ಉದ್ದ ಎರಡೂವರೆ ಅಡಿ, ಅಗಲ ಒಂದೂಕಾಲು ಅಡಿ, ದಪ್ಪ ಮುಕ್ಕಾಲು ಅಂಗುಲ. ಮೈಮೇಲೆ ಅಡ್ಡಲಾಗಿ ಕೊರೆದ ನಾಲ್ಕು ಸಾಲುಗಳಿವೆ. ಒಂದೊಂದು ಸಾಲಿನಲ್ಲಿ ಮೂರು ಅಂಕಿಗಳು ನಿಲ್ಲುತ್ತವೆ. ಆರಾಧನೆಯಲ್ಲಿ ಹಾಡಬೇಕಾದ ನಾಲ್ಕು ಗೀತೆಗಳ ಸಂಖ್ಯೆಗಳನ್ನು ಸಭೆಗೆ ತೋರಿಸುವುದು ನನ್ನ ಕೆಲಸ. ಇದಕ್ಕಿಂತ ಹೆಚ್ಚಿನದನ್ನು ಯಾರೂ ನನ್ನಿಂದ ಕೇಳಲಿಲ್ಲ.

ಗದುಗಿನ ಹತ್ತಿರದ ಒಂದು ನೇಕಾರರ ಊರಿನಲ್ಲಿ, ಕಲ್ಲಿನ ಚರ್ಚು ಕಟ್ಟಿ ಮುಗಿದ ವರ್ಷ ನಾನು ಹುಟ್ಟಿದೆ. ಬಾಗಿಲಿಗೆಂದು ದಾಂಡೇಲಿಯಿಂದ ತಂದ ಸಾಗುವಾನಿಯಲ್ಲಿ ಒಂದು ತುಂಡು ಮಿಕ್ಕಿತ್ತು. ಬಡಿಗನು ಅದನ್ನು ಒಲೆಗೆ ಹಾಕದೆ ನನ್ನನ್ನು ಮಾಡಿದ. ತಗಡನ್ನು ಕತ್ತರಿಸಿ, ಕಪ್ಪು ಬಣ್ಣ ಬಳಿದು, ಮೇಲೆ ಬಿಳಿ ಅಂಕಿಗಳನ್ನು ಬರೆದ. ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದು ಅಂಕಿಗೆ ಆರು ತಗಡು, ಒಟ್ಟು ಅರವತ್ತು. ಅವನು ಯೋಚಿಸಿ ಮಾಡಿದ ಲೆಕ್ಕವಲ್ಲ ಅದು. ಸಂಗೀತ ಪುಸ್ತಕದಲ್ಲಿ ಇದ್ದ ಹಾಡುಗಳು ಮುನ್ನೂರ ಚಿಲ್ಲರೆ. ಆದ್ದರಿಂದ ಒಂದು, ಎರಡು, ಮೂರರ ತಗಡುಗಳು ಬೇಗ ಸವೆದವು. ಒಂಬತ್ತರ ತಗಡುಗಳು ಇಂದಿಗೂ ಹೊಸದಾಗಿವೆ.

ನನ್ನನ್ನು ಪ್ರಸಂಗಪೀಠದ ಬಲಗಡೆಯ ಗೋಡೆಗೆ ತೂಗುಹಾಕಿದರು. ಜನರು ನನ್ನತ್ತ ಮುಖ ಮಾಡಿ ಕೂರುತ್ತಿದ್ದುದರಿಂದ, ಅವರ ಮುಖಗಳನ್ನು ಸಭಾಪಾಲಕರಷ್ಟೇ ಚೆನ್ನಾಗಿ ನಾನೂ ಬಲ್ಲೆ. ಮೊದಲು ನನ್ನನ್ನು ನೋಡಿಕೊಂಡವರು ಎಲೀಯಪ್ಪ ಎಂಬ ಮುದಿ ಉಪದೇಶಿ. ಅವರ ಕೈ ನಡುಗುತ್ತಿತ್ತು. ಅಂಕಿಗಳು ಸೊಟ್ಟಗೆ ನಿಲ್ಲುತ್ತಿದ್ದವು. ಒಮ್ಮೆ ಏಳು ಒಂದುಗಳು ಬೇಕಾದಾಗ ಏಳನೆಯದನ್ನು ಸೀಮೆಸುಣ್ಣದಿಂದ ನನ್ನ ಮೈಮೇಲೆಯೇ ಎಳೆದರು. ಸಭೆ ಹಾಡಿತು. ದೇವರು ಅದನ್ನೂ ಕೇಳಿಸಿಕೊಂಡಿರಬೇಕು.

ಅವರ ಅನಂತರ ನತಾನಿಯೇಲ ಮಾಸ್ತರರು ಬಂದರು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಒಂಟಿ ಮನುಷ್ಯ, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಪ್ರತಿ ಶನಿವಾರ ಸಂಜೆ ಐದಕ್ಕೆ ಬಂದು, ಸಭಾಪಾಲಕರು ಬರೆದಿಟ್ಟ ಚೀಟಿ ನೋಡಿ, ತಗಡುಗಳನ್ನು ಸಾಲಿಗೆ ಸೇರಿಸಿ, ಎರಡು ಹೆಜ್ಜೆ ಹಿಂದೆ ಸರಿದು ಓದಿ, ಬಾಗಿಲು ಹಾಕಿಕೊಂಡು ಹೋಗುತ್ತಿದ್ದರು. ಅಂಕಿಗಳು ನೆಟ್ಟಗೆ ನಿಂತವು. ನನಗೆ ಅವರ ಕೈ ಇಷ್ಟವಾಯಿತು.

ಅದೇ ಕಾಲಕ್ಕೆ ಸಂಗೀತ ಪುಸ್ತಕದ ಹೊಸ ಮುದ್ರಣ ಬಂತು. ಅದರಲ್ಲಿ ಹಾಡುಗಳ ಕ್ರಮ ಬದಲಾಗಿತ್ತು. ಹಳೆಯ ಪುಸ್ತಕದ ನಲವತ್ತು ಹೊಸದರಲ್ಲಿ ತೊಂಬತ್ತಾರು. ಹಳೆಯ ಇನ್ನೂರು ಹೊಸದರಲ್ಲಿ ಹನ್ನೊಂದು. ಎಲ್ಲರಿಗೂ ಹೊಸ ಪುಸ್ತಕ ಕೊಳ್ಳುವುದು ಆಗಲಿಲ್ಲ. ಅರ್ಧ ಸಭೆಯ ಕೈಯಲ್ಲಿ ಹೊಸದು, ಅರ್ಧ ಸಭೆಯ ಕೈಯಲ್ಲಿ ತಾಯಿತಂದೆಯ ಕಾಲದ್ದು. ಹಲಗೆಯ ಮೇಲೆ ಹೊಸ ಸಂಖ್ಯೆಯನ್ನೇ ಹಾಕಬೇಕು, ಹಳೆಯ ಪುಸ್ತಕದವರು ಹಿಂದಿನ ರಟ್ಟಿಗೆ ಅಂಟಿಸಿದ ಪಟ್ಟಿ ನೋಡಿಕೊಳ್ಳಬೇಕು ಎಂದು ಹಿರಿಯರು ನಿಯಮ ಮಾಡಿದರು.

ಆ ವರ್ಷ ಪ್ರಿಸ್ಕಿಲ್ಲಳ ಮದುವೆ ಗೊತ್ತಾಯಿತು. ಮಾಸ್ತರರ ಶಿಷ್ಯೆ. ತಾಯಿ ರಾಹೇಲಮ್ಮ, ವಿಧವೆ, ಸೀರೆ ನೇಯ್ದು ಮಗಳನ್ನು ಓದಿಸಿದವರು. ವರ ಆಮೋಸ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಮದುವೆಯ ಹಿಂದಿನ ಸಂಜೆ ವಧುವೇ ಚರ್ಚಿಗೆ ಬಂದು ತಾಯಿ ಬರೆದ ಚೀಟಿಯನ್ನು ಮಾಸ್ತರರ ಕೈಗೆ ಕೊಟ್ಟಳು. ತಮ್ಮ ಮದುವೆಯಲ್ಲಿ ಹಾಡಿದ ಗೀತೆ ಮಗಳ ಮದುವೆಯಲ್ಲೂ ಆಗಬೇಕೆಂಬುದು ರಾಹೇಲಮ್ಮನವರ ಆಸೆ. ಚೀಟಿಯಲ್ಲಿ ಇದ್ದದ್ದು ಒಂದು ಸಂಖ್ಯೆ ಮಾತ್ರ: ನೂರ ಎಂಬತ್ತೇಳು.

ಮಾಸ್ತರರು ಚೀಟಿ ಓದಿದರು. ಯಾವ ಪುಸ್ತಕದ್ದು ಎಂದು ಕೇಳಲು ಬಾಯಿ ತೆರೆದುದನ್ನು ನಾನು ನೋಡಿದೆ. ಅಷ್ಟರಲ್ಲಿ ಅವಳ ಗೆಳತಿಯರು ಬಾಗಿಲಲ್ಲಿ ಕೂಗಿದರು, ಅವಳು ಓಡಿದಳು. ಮಾಸ್ತರರು ಒಂದು, ಎಂಟು, ಏಳು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ಓದಿ, ಹೋದರು.

ಹಳೆಯ ಪುಸ್ತಕದಲ್ಲಿ ಅದು ಮದುವೆಯ ಗೀತೆ. ಹೊಸ ಪುಸ್ತಕದಲ್ಲಿ, ಸಮಾಧಿಯ ಬಳಿ ನಿಂತು ಹಾಡುವ ಗೀತೆ.

ಮರುದಿನ ಹಾರ್ಮೋನಿಯಂ ಪೆಟಿಗೆ ಬಾರಿಸುವವನು ಹೊಸ ಪುಸ್ತಕ ತೆರೆದು, ಕಂಡ ರಾಗವನ್ನು ಹಿಡಿದ. ಅರ್ಧ ಜನ ಹೂಳುವ ಹಾಡಿಗೆ ದನಿಗೂಡಿಸಿದರು. ಉಳಿದರ್ಧ ಜನ ಮದುವೆಯ ಪದಗಳನ್ನು ಹಿಡಿದುಕೊಂಡು ಆ ನಿಧಾನ ರಾಗದ ಹಿಂದೆ ತೊಡರುತ್ತ ನಡೆದರು. ಎರಡನೆಯ ಚರಣಕ್ಕೆ ಸಭಾಪಾಲಕರು ಕೈಯೆತ್ತಿ ನಿಲ್ಲಿಸಿದರು. ಯಾರೋ ಮುಸಿಮುಸಿ ನಕ್ಕರು. ಆಮೋಸ ಹಿಂದಿರುಗಿ ನೋಡಿ, "ಹೂಳೂದಂತೂ ಮುಗೀತು, ಇನ್ನ ತಾಳಿ ಕಟ್ಟೂದೊಂದ ಉಳದೈತಿ, ಲಗೂನ ಮುಗಿಸ್ರಿ!" ಎಂದ. ಇಡೀ ಚರ್ಚು ನಕ್ಕಿತು. ರಾಹೇಲಮ್ಮ ನಗಲಿಲ್ಲ. ಶಕುನವನ್ನು ನಂಬಬಾರದೆಂದು ನಮ್ಮ ಜನ ಹೇಳುತ್ತಾರೆ, ನಂಬುತ್ತಾರೆ.

ಹದಿನಾಲ್ಕು ತಿಂಗಳಿಗೆ ಆಮೋಸ ವಿಷಮಜ್ವರದಿಂದ ತೀರಿಕೊಂಡ. ಆ ದಿನ ನನ್ನ ಮೇಲೆ ಅದೇ ಸಂಖ್ಯೆ ನಿಂತಿತು, ಈ ಸಲ ಸರಿಯಾಗಿ. ಅಂಕಿಗಳು ಎಲೀಯಪ್ಪನವರ ಕಾಲದಂತೆ ಸೊಟ್ಟಗೆ ನಿಂತವು.

ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿದೆ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ. ಯಾರ ಮನಸ್ಸಿನಲ್ಲಾದರೂ ತನ್ನ ಮೇಲೆ ಮುನಿಸು ಉಂಟೆಂದು ತಿಳಿದವನು ಮೊದಲು ಹೋಗಿ ರಾಜಿಯಾಗಬೇಕು. ಆಮೇಲೆ ಭೋಜನದ ಮೇಜಿಗೆ ಬರಬೇಕು. ಮಾಸ್ತರರು ರಾಹೇಲಮ್ಮನವರ ಮನೆಗೆ ಹೋದರು. ಒಮ್ಮೆಯಲ್ಲ, ಮೂರು ಸಲ. ಮೂರನೆಯ ಸಲ ಹೋಗಿಬಂದ ಸಂಜೆ ಸಭಾಪಾಲಕರು ನನ್ನೆದುರಿಗೇ ಅವರನ್ನು ಕೇಳಿದರು:

"ಏನಂದ್ರು, ಮಾಸ್ತರ?"

"ಬಾಗಲಾ ತಗೀಲಿಲ್ಲರಿ ಅಯ್ಯನವರ. ಒಳಗಿಂದನ ಅಂದ್ರು, 'ಮದುವೀ ದಿನ ಹೆಣದ ಹಾಡು ಹಾಡಿಸಿದಾವ ನೀ, ನನ್ನ ಹೊಸ್ತಲಾ ತುಳೀಬ್ಯಾಡ' ಅಂತ."

"ಚೀಟಿ ಬರದಾರ ಯಾರು ಅಂತ ಹೇಳಲಿಲ್ಲೇನು?"

"ಕೇಳಬೇಕಾದಾಂವ ನಾನ್ರಿ. ಕೇಳಲಿಲ್ಲ. ತಪ್ಪು ನಂದು."

ಚೀಟಿಯ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ. ಅಂದಿನಿಂದ ಭೋಜನದ ಭಾನುವಾರಗಳಲ್ಲಿ ಬೆಂಚಿನ ಮೇಲೆಯೇ ಕುಳಿತರು. ಹಾಡುವುದನ್ನೂ ಬಿಟ್ಟರು. ಪುಸ್ತಕ ತೆರೆದಿರುತ್ತಿತ್ತು, ತುಟಿ ಮುಚ್ಚಿರುತ್ತಿತ್ತು.

ಪ್ರಿಸ್ಕಿಲ್ಲ ದೂರದ ಊರಿನ ಆಸ್ಪತ್ರೆಗೆ ದಾದಿಯ ತರಬೇತಿಗೆ ಹೋದಳು. ಮಾಸ್ತರರು ಒಂದು ನೋಟುಬುಕ್ಕಿನಲ್ಲಿ ಎಲ್ಲ ಹಾಡುಗಳ ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಮೊದಲ ಸಾಲು ಬರೆದಿಟ್ಟರು. ಶನಿವಾರಗಳಲ್ಲಿ ಒಮ್ಮೆ ಓದುತ್ತಿದ್ದವರು ಮೂರು ಸಲ ಓದತೊಡಗಿದರು. ಬಾಗಿಲ ತನಕ ಹೋಗಿ ತಿರುಗಿ ಬಂದು ನಾಲ್ಕನೆಯ ಸಲ. ಒಂಬತ್ತು ವರ್ಷಗಳಲ್ಲಿ ನಾನೂರ ಅರವತ್ತೆಂಟು ಭಾನುವಾರಗಳು. ವಾರಕ್ಕೆ ನಾಲ್ಕರಂತೆ ಸಾವಿರದ ಎಂಟುನೂರ ಎಪ್ಪತ್ತೆರಡು ಸಂಖ್ಯೆಗಳು. ಒಂದೂ ತಪ್ಪಲಿಲ್ಲ. ಆದರೂ ಅವರ ಮುಖ ಪ್ರತಿ ವಾರ ಮೊದಲಿನಷ್ಟೇ ಬಾಡಿರುತ್ತಿತ್ತು. ಸಾವಿರದ ಎಂಟುನೂರ ಎಪ್ಪತ್ತೆರಡು ಸರಿಗಳು ಸೇರಿ ಒಂದು ತಪ್ಪನ್ನು ಕಳೆಯಲಾರವು ಎಂಬುದು ನನಗೆ ಬಹುಬೇಗ ತಿಳಿಯಿತು. ಗಣಿತದ ಮಾಸ್ತರರಿಗೆ ತಿಳಿಯಲಿಲ್ಲ. ಅವರು ಕೂಡಿಸುತ್ತಲೇ ಇದ್ದರು.

ಒಂಬತ್ತನೆಯ ವರ್ಷದ ಕೊನೆಗೆ, ಭೋಜನದ ಭಾನುವಾರದ ಹಿಂದಿನ ಸಂಜೆ, ಬಿಳಿ ಸೀರೆಯುಟ್ಟ ಹೆಂಗಸೊಬ್ಬಳು ಒಳಗೆ ಬಂದು ಮೊದಲ ಬೆಂಚಿನಲ್ಲಿ ಕುಳಿತಳು. ಪ್ರಿಸ್ಕಿಲ್ಲ. ಊರಿನ ಆಸ್ಪತ್ರೆಗೇ ವರ್ಗವಾಗಿ ಬಂದಿದ್ದಳು. ಮಾಸ್ತರರು ನೋಡಲಿಲ್ಲ, ಎರಡನೆಯ ಸಲ ಓದುತ್ತಿದ್ದರು.

"ಇನ್ನೂ ಎಷ್ಟ ಸಲ ಓದ್ತೀರಿ, ಮಾಸ್ತರ? ಆ ಅಂಕಿ ಏನ್ ಓಡಿ ಹೋಗ್ತಾವ?"

ಅವರ ಕೈಯಿಂದ ತಗಡೊಂದು ಜಾರಿ ನೆಲಕ್ಕೆ ಬಿತ್ತು.

"ಪ್ರಿಸ್ಕಿ... ಯಾವಾಗ ಬಂದೆವ್ವಾ?"

"ನಿನ್ನೆ. ಬಂದ ಕೂಡಲೆ ಅಯ್ಯನವರು ಹೇಳಿದ್ರು, ನೀವು ಮೇಜಿಗೆ ಬರೂದಿಲ್ಲಂತ. ಒಂಬತ್ತ ವರ್ಷ. ಯಾಕ್ರಿ?"

ಮಾಸ್ತರರು ತಗಡನ್ನು ಹೆಕ್ಕಿ ಒರೆಸಿದರು.

"ನಿನಗ ಗೊತ್ತೈತಿ."

"ನನಗ ಗೊತ್ತಿರೂದು ಇಷ್ಟ. ಹೊಲಸ ನೀರು ಕುಡದು ಅವರಿಗೆ ಜ್ವರ ಬಂತು. ಆ ವರ್ಷ ನಮ್ಮ ಓಣ್ಯಾಗ ಐದು ಮಂದಿ ಹೋದ್ರು. ಅವರ ಮದುವ್ಯಾಗೂ ನೀವ ನಂಬರ್ ಹಾಕಿದ್ರೇನು?" ಎಂದಳು. "ಒಂದು ತಗಡು ತಪ್ಪಿ ಹಾಕಿದ್ದಕ್ಕ ಒಬ್ಬ ಮನಷ್ಯಾನ್ನ ಕೊಲ್ಲುವಷ್ಟು ಸಣ್ಣಾಂವೇನ್ರೀ ನಮ್ಮ ದೇವ್ರು?"

ಮಾಸ್ತರರಿಗೆ ಇಂಥ ಪ್ರಶ್ನೆಯನ್ನು ಯಾವ ಶಿಷ್ಯರೂ ಕೇಳಿರಲಿಲ್ಲ.

"ನಾ ಏನರೆ ಮಾಡಬೇಕಲ್ಲವ್ವಾ. ಏನ ಮಾಡಲಿ ಹೇಳು. ಏನ ಹೇಳಿದ್ರೂ ಮಾಡ್ತೀನಿ."

"ಏನೂ ಇಲ್ಲ."

"ಏನೂ ಇಲ್ಲಂದ್ರ ಹೆಂಗ?"

"ಹೆಂಗಂದ್ರ ಹಂಗ. ನಿಮ್ಮ ಕಡೆಯಿಂದ ಆಗೂದು ಏನೂ ಇಲ್ಲ. ಆಗಬೇಕಾದ್ದು ಶಿಲುಬಿ ಮ್ಯಾಲ ಆಗಿಹೋಗೇತಿ. ಭಾನುವಾರ ಸಾಲಿಯೊಳಗ ನಮಗ ಕಲಿಸಿದಾರು ನೀವ. ನಮಗ ಕಲಿಸಿ ನೀವು ಮರತ್ರೇನು?"

"ನಿಮ್ಮವ್ವ ಇನ್ನೂ ಕ್ಷಮಿಸಿಲ್ಲ," ಎಂದರು ಮಾಸ್ತರರು. ಅವರ ಬಳಿ ಉಳಿದಿದ್ದ ಕೊನೆಯ ವಾದ ಅದು.

"ಅವ್ವನ ಸಿಟ್ಟು ನಿಮ್ಮ ಮ್ಯಾಲ ಅಂತ ತಿಳದೀರೇನು? ಚೀಟಿ ತಂದು ಕೊಟ್ಟಾಕಿ ನಾನ. ಬರದಾಕಿ ಆಕಿ. ಆಕಿ ಕ್ಷಮಿಸಬೇಕಾದ್ದು ಬ್ಯಾರೆದಾರನ್ನ. ಅದು ಯಾವಾಗ ಆಗತೈತೋ ದೇವ್ರಿಗೇ ಗೊತ್ತು. ನೀವು ಮೂರು ಸಲ ಹೋಗಿ ಬಂದೀರಿ, ಸಾಕು. ಮೇಜು ನಮ್ಮವ್ವಂದಲ್ಲರಿ, ಮಾಸ್ತರ."

ಅವಳು ಎದ್ದು ಹೋದಳು. ಮಾಸ್ತರರು ಅದೇ ಬೆಂಚಿನಲ್ಲಿ ಕುಳಿತರು. ಬಿಸಿಲು ನೆಲದ ಮೇಲಿಂದ ಗೋಡೆಗೆ, ಗೋಡೆಯಿಂದ ತೊಲೆಗೆ ಏರಿ ಆರಿತು. ಅವರು ಪ್ರಾರ್ಥಿಸಿದರೋ ಸುಮ್ಮನಿದ್ದರೋ ನನಗೆ ತಿಳಿಯದು. ಹೊರಗಿನಿಂದ ಎರಡೂ ಒಂದೇ ಬಗೆ. ಎದ್ದು ಬಾಗಿಲು ಹಾಕಿಕೊಂಡು ಹೋದರು. ನನ್ನನ್ನು ಮೂರನೆಯ ಸಲ ಓದಲಿಲ್ಲ.

ಓದದ್ದರಿಂದ ತಪ್ಪು ಉಳಿಯಿತು. ಮೊದಲ ಓದಿಗೆ ಕಣ್ಣಿಗೆ ಬೀಳದೆ, ಮೂರನೆಯ ಸಾಲಿನಲ್ಲಿ ಹಿಂದಿನ ವಾರದ ಸಂಖ್ಯೆಯೇ ನಿಂತಿತ್ತು. ಮರುದಿನ ಸಭಾಪಾಲಕರು ಅರವತ್ತೆರಡು ಎಂದರು, ನಾನು ಇನ್ನೂರ ಐದು ಎನ್ನುತ್ತಿದ್ದೆ. ಜನ ಪುಟ ಮಗುಚಿ ಗೊಂದಲಗೊಂಡರು. ಮಾಸ್ತರರು ತಮ್ಮ ಜಾಗದಲ್ಲಿ ಎದ್ದು ನಿಂತರು. ಅವರ ಮುಖವನ್ನು ನೋಡಲು ನನಗೆ ಭಯವಾಯಿತು.

"ತಪ್ಪು ನಂದರಿ. ಅರವತ್ತೆರಡು ಹಾಡ್ರಿ," ಎಂದು ಹೇಳಿ ಕುಳಿತರು. ಅಷ್ಟೇ. ಬಂದು ತಗಡು ಬದಲಿಸಲೂ ಇಲ್ಲ. ಹಾಡು ಮೊದಲಾದಾಗ ಅವರ ತುಟಿ ತೆರೆಯಿತು. ಅವರ ದನಿ ಒರಟು, ಶ್ರುತಿಗೆ ಸೇರದು. ಮುಂದಿನ ಬೆಂಚಿನವರು ತಿರುಗಿ ನೋಡಿದರು.

ಆಮೇಲೆ ಭೋಜನ. ನಮ್ಮಲ್ಲಿ ವೇದಿಯ ಕಟಕಟೆಯ ಮುಂದೆ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಮೊಣಕಾಲೂರುತ್ತಾರೆ. ಎರಡು ಸಾಲುಗಳು ನಡುವೆ ಕೂಡುತ್ತವೆ. ಮಾಸ್ತರರು ಎದ್ದಾಗ ತಡವಾಗಿತ್ತು. ಗಂಡಸರ ಕಡೆ ಜಾಗ ತುಂಬಿತ್ತು. ನಡುವೆ ಸ್ವಲ್ಪ ಸ್ಥಳವಿತ್ತು, ಒಬ್ಬ ಮನುಷ್ಯನಿಗೆ ಸಾಲದಷ್ಟು. ಅದರ ಎಡಕ್ಕೆ ರಾಹೇಲಮ್ಮ.

ಮಾಸ್ತರರು ನಿಂತರು. ಹಿಂದಿರುಗಿ ಬೆಂಚಿಗೆ ಹೋಗಲು ಅದೊಂದು ಒಳ್ಳೆಯ ನೆಪವಾಗಿತ್ತು. ಮಾಸ್ತರರು ಹೋಗಲಿಲ್ಲ. ನಿಂತೇ ಇದ್ದರು, ಕೈ ಚಾಚಿದ ಭಿಕ್ಷುಕರು ನಿಲ್ಲುವಂತೆ.

ರಾಹೇಲಮ್ಮ ತಲೆ ಎತ್ತಲಿಲ್ಲ. ಯಾರೆಂದು ನೋಡಲಿಲ್ಲ, ನೋಡದೆಯೂ ಗೊತ್ತಿತ್ತು. ಸೀರೆಯ ಸೆರಗನ್ನು ಎಳೆದುಕೊಂಡು, ಮೊಣಕಾಲುಗಳನ್ನು ಒಂದಾದ ಮೇಲೊಂದು ಎತ್ತಿ ಇಟ್ಟು, ಎಡಕ್ಕೆ ಸರಿದರು. ಒಂದು ಗೇಣು. ಹೆಚ್ಚಿಲ್ಲ, ಕಡಿಮೆಯಿಲ್ಲ. ಮಾಸ್ತರರು ಆ ಜಾಗದಲ್ಲಿ ಮೊಣಕಾಲೂರಿದರು. ಸಭಾಪಾಲಕರು ರೊಟ್ಟಿಯ ತುಂಡನ್ನು ಮೊದಲು ಅವರಿಗೆ, ಆಮೇಲೆ ಆಕೆಗೆ ಕೊಟ್ಟರು. ಎದ್ದು ಬರುವಾಗ ಮಾಸ್ತರರ ಮುಖ ನನ್ನ ಕಡೆಗಿತ್ತು. ಆ ಮುಖದ ಮೇಲೆ ಲೆಕ್ಕವಿರಲಿಲ್ಲ.

ಅವರು ಇನ್ನೂ ಹನ್ನೆರಡು ವರ್ಷ ಬದುಕಿದರು. ಶನಿವಾರ ಬಂದು ಒಂದೇ ಸಲ ಓದಿ ಹೋಗುತ್ತಿದ್ದರು. ಆ ವರ್ಷಗಳಲ್ಲಿ ಏಳು ತಪ್ಪುಗಳಾದವು. ಏಳನ್ನೂ ಎದ್ದುನಿಂತು ಒಪ್ಪಿಕೊಂಡರು. ರಾಹೇಲಮ್ಮ ಅವರೊಡನೆ ಮಾತನಾಡಿದ್ದು ಬಹಳ ತಡವಾಗಿ, ಅದೂ ಅವರ ಹಾಡಿನ ವಿಷಯಕ್ಕೆ: "ಮಾಸ್ತರ, ಸ್ವಲ್ಪ ಸಣ್ಣಗ ಹಾಡ್ರಿ, ನಮ್ಮ ಕಿವಿ ಹೋಗ್ತಾವ."

ಅವರ ಬಳಿಕ ನನಗೆ ಹಲವು ಕೈಗಳು ಬಂದವು. ನೆನಪಿಡುವಂಥದು ಯಾವುದೂ ಇರಲಿಲ್ಲ. ಈಗ ಚರ್ಚಿನ ಗೋಡೆಯ ಮೇಲೆ ಬಿಳಿ ಪರದೆಯಿದೆ. ಹಾಡಿನ ಪದಗಳೇ ಅದರ ಮೇಲೆ ಬೆಳಕಾಗಿ ಬೀಳುತ್ತವಂತೆ. ಪುಸ್ತಕವೂ ಬೇಡ, ಸಂಖ್ಯೆಯೂ ಬೇಡ. ನನ್ನನ್ನು ಹಿಂದಿನ ಕೋಣೆಯಲ್ಲಿ, ಮುರಿದ ಕುರ್ಚಿಗಳ ಪಕ್ಕ, ಗೋಡೆಗೆ ಮುಖ ಮಾಡಿ ಒರಗಿಸಿದ್ದಾರೆ. ಎರಡನೆಯ ಸಾಲಿನಲ್ಲಿ ಕುಂಬಾರ ಹುಳುವೊಂದು ಮಣ್ಣಿನ ಗೂಡು ಕಟ್ಟಿದೆ.

ಮೊದಮೊದಲು ಇದು ನನಗೆ ಕಷ್ಟವಾಯಿತು. ಭಾನುವಾರ ಗೋಡೆಯಾಚೆಗೆ ಹಾಡು ಎದ್ದಾಗ, ಅದರ ಸಂಖ್ಯೆ ಎಷ್ಟಿರಬಹುದೆಂದು ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ. ನನಗೆ ಹಾಡುಗಳು ಗೊತ್ತಿದ್ದುದು ಅಂಕಿಗಳಿಂದ ಮಾತ್ರ. ಈಗ ಹುಡುಕುವುದಿಲ್ಲ. ಅವರು ಹಾಡುತ್ತಾರೆ, ಗೋಡೆಯ ಕಲ್ಲು ಸ್ವಲ್ಪ ಅದುರುತ್ತದೆ, ಕಲ್ಲಿಗೆ ಒರಗಿದ ನಾನೂ ಅದುರುತ್ತೇನೆ. ನಾನು ಏನನ್ನೂ ತೋರಿಸದೆ ಇದ್ದರೂ ಅದು ನನ್ನವರೆಗೆ ಬರುತ್ತದೆ.