ಪಂಪಿನೊಳಗಿನ ಮೃದಂಗ

ನಾನು ಒಂದು ಆಡಿನ ಚರ್ಮದ ತುಂಡು. ಅಂಗೈಯಗಲ ಇದ್ದೇನೆ. ಅಂಚಿನ ಸುತ್ತ ಸ್ಕ್ರೂ ತೂರಿದ ತೂತುಗಳಿವೆ. ಮೂಸಿದರೆ ಈಗಲೂ ಪೆಟ್ರೋಲಿನ ವಾಸನೆ.

ಹಿರಿಯೂರಿನ ಬೇಲಿಗಳಲ್ಲಿ ಜಾಲಿಕಾಯಿ ಮೇಯ್ದ ಆಡಿನ ಮೈಮೇಲೆ ಹುಟ್ಟಿದವನು ನಾನು. ಮೃದಂಗ ಕಟ್ಟುವವರು ನನ್ನನ್ನು ಹದಮಾಡಿ ಎಡಮುಖಕ್ಕೆ ಬಿಗಿದರು. ಆ ಮೃದಂಗವನ್ನು ಪ್ರಾಣೇಶರಾಯರು ಕೊಂಡರು. ಶನಿವಾರದ ಭಜನೆಗೆ ಅವರು ರವೆ ಕಲಸಿ ನನ್ನ ನಡುವೆ ಮೆತ್ತಿದರೆ ಸಾಕು, ನನಗೆ ತುಂಬುದನಿ ಬರುತ್ತಿತ್ತು. ಆ ತೇವ, ಆ ಅಂಗೈ ತಾಗಿ ತಾಗಿ ನಾನು ಮೆತ್ತಗಾದೆ. ಎದುರಿಗೆ ರಾಯರ ತಾಯಿ ತುಂಗಮ್ಮ ಕಣ್ಣು ಮುಚ್ಚಿ, ಕೈಮುಗಿದು ಕೂತಿರುತ್ತಿದ್ದರು.

ತುಂಗಮ್ಮನವರ ಮಡಿ ಬಲು ಬಿಗಿ. ರಾಯರು ಮೋಟಾರು ಕಾರು ಕೊಂಡಾಗ, ಸೀಟಿನ ಚರ್ಮ ಕಿತ್ತು ಕ್ಯಾನ್ವಾಸು ಹೊದಿಸಿದ ಮೇಲೆಯೇ ಅವರು ಹತ್ತಿದ್ದು. ಅಷ್ಟರಲ್ಲಿ ಡ್ರೈವರ್ ಬುಡೇನ್ ಸಾಬರು ಬಾಯಿತಪ್ಪಿ ಹೇಳಿಬಿಟ್ಟರು: ಪೆಟ್ರೋಲ್ ಪಂಪಿನೊಳಗೂ ಒಂದು ಚರ್ಮದ ಬಿಲ್ಲೆ ಇದೆ, ಅದು ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಡಿದರೇ ಎಂಜಿನ್ನಿಗೆ ಪೆಟ್ರೋಲು. ತುಂಗಮ್ಮ ಇಳಿದೇಬಿಟ್ಟರು.

ಸಾಬರೇ ಉಪಾಯ ಹೂಡಿದರು. ತುಂಗಮ್ಮನವರ ಹಳೆಯ ರೇಷ್ಮೆ ಮಡಿಪಟ್ಟೆಯನ್ನು ಕತ್ತರಿಸಿ, ಪದರ ಪದರ ಸೇರಿಸಿ, ಅರಗಿನ ವಾರ್ನಿಷ್ ಬಳಿದು ಬಿಲ್ಲೆ ಮಾಡಿದರು. ಕಾರು ಚೆನ್ನಾಗಿಯೇ ಓಡಿತು.

“ರೇಷ್ಮೆ ಗಾಡಿ ಅಮ್ಮಾರೆ ಇದು. ಮಹಾರಾಜರ ತಾವೂ ಇರಾಕಿಲ್ಲ!” ಎಂದು ಸಾಬರು ಮೀಸೆ ತಿರುವಿದರು.

ಆಮೇಲೆ ಯುದ್ಧ ಬಂತು. ಪೆಟ್ರೋಲು ಸಾಲದೆ ಅದಕ್ಕೆ ಕಬ್ಬಿನ ಸ್ಪಿರಿಟ್ ಬೆರೆಸತೊಡಗಿದರು.

ಅಂಥ ಕಾಲದಲ್ಲೇ ರಾಯರ ತಂಗಿ ಸುಭದ್ರೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಒಂದು ಬೆಳಿಗ್ಗೆ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, “ಕೂಸು ಅಡ್ಡ ಮಲಗೈತೆ, ನನ್ನ ಕೈಲಾಗದು. ದುರ್ಗದ ಆಸ್ಪತ್ರೆಗೆ ಬಿರ್ರನೆ ಹೋಗ್ರಿ” ಎಂದಳು. ಹಿಂದಿನ ದಿನ ಪಕ್ಕದೂರಿನ ಭಜನೆಗೆ ಹೋಗಿಬಂದ ಮೃದಂಗವನ್ನು ಕಾರಿನಿಂದ ಇಳಿಸುವಷ್ಟೂ ಪುರಸೊತ್ತಿರಲಿಲ್ಲ. ಹಾಗೆ ನಾನೂ ಹೊರಟೆ.

ಐಮಂಗಲ ದಾಟಿದ್ದೇ ಕಾರು ಕೆಮ್ಮಿತು, ಮುಗ್ಗರಿಸಿತು, ನಿಂತಿತು. ಸಾಬರು ಪಂಪು ಬಿಚ್ಚಿದರು. ರೇಷ್ಮೆ ಬಿಲ್ಲೆ ಅಂಟಂಟಾಗಿ ಜೋತುಬಿದ್ದಿತ್ತು.

“ಸ್ಪಿರಿಟ್ಟಿಗೆ ಅರಗು ಕರಗೈತೆ ಸ್ವಾಮಿ. ನನ್ನ ಮಂಡೆಗೆ ಹೊಳೀಲೇ ಇಲ್ಲ ನೋಡ್ರಿ.”

ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ತುಂಗಮ್ಮ ಒಳಗಿನಿಂದಲೇ ಕೂಗಿದರು: “ಪಾಂಡವರಿಗೇ ಅರಗು ಆಗಿಬರಲಿಲ್ಲ, ನಮಗೆ ಬಂದೀತೇನೋ! ಈಗೇನು ಬೇಕು ಹೇಳು.”

“ತೆಳ್ಳನೆ ಚರ್ಮ ಬೇಕು ಅಮ್ಮಾರೆ. ನನ್ನ ಕಾಲ್ಜೋಡು ದಪ್ಪ, ಬಾಗಾಕಿಲ್ಲ.” ಸಾಬರ ಕಣ್ಣು ಮೃದಂಗದ ಚೀಲದ ಮೇಲೆ ಬಿತ್ತು.

ರಾಯರು ಚೀಲವನ್ನು ತಬ್ಬಿಕೊಂಡರು. “ದೇವರ ನಾಮ ನುಡಿಸಿದ್ದು ಕಣಯ್ಯ ಇದು. ಚಾಕು ಹಾಕೋದಾ? ಅಮ್ಮನೂ ಚರ್ಮ ಒಪ್ಪಲ್ಲ.”

ಸುಭದ್ರೆ ನರಳಿದಳು. ತುಂಗಮ್ಮ ಮಗನನ್ನೇ ನೋಡಿದರು.

“ಇಷ್ಟು ವರ್ಷ ಅದರೆದುರಿಗೆ ಕೈಮುಗಿದು ಕೂತಿದೀನಿ ಪ್ರಾಣೇಶ. ಚರ್ಮ ಅಂತ ಒಂದು ದಿನ ಎದ್ದು ಹೋದ್ನೇನೋ? ಕೊಡು ಈಚೆಗೆ.”

ರಾಯರು ಚೀಲ ಕೊಟ್ಟು ಮುಖ ತಿರುಗಿಸಿದರು. ಚಾಕು ಆಡಿತು. ನೋವೆಂದರೆ ಏನೆಂದು ಅಂದು ತಿಳಿಯಿತು. ಆದರೆ ಕಾರಿನೊಳಗೆ ಅದಕ್ಕಿಂತ ದೊಡ್ಡ ನೋವು ನರಳುತ್ತಿತ್ತು.

“ಒಂದಿಷ್ಟು ಎಣ್ಣೆ ಕುಡಿಸಬೇಕು ಇದಕ್ಕೆ” ಎಂದರು ಸಾಬರು. ಬಾಣಂತಿಗೆಂದು ತಂದಿದ್ದ ಹರಳೆಣ್ಣೆಯ ಸೀಸೆಯನ್ನು ತುಂಗಮ್ಮ ತೆಗೆದರು. ನನ್ನನ್ನು ಅಂಗೈಯಲ್ಲಿಟ್ಟು, ಹೆಬ್ಬೆರಳಿನಿಂದ ಸುತ್ತಿ ಸುತ್ತಿ ತಿಕ್ಕಿದರು. ಎಳೆಗೂಸಿಗೆ ಎಣ್ಣೆ ಒತ್ತುವವರ ಕೈ ಅದು. ಅದುವರೆಗೆ ಅವರು ನನ್ನನ್ನು ಮುಟ್ಟಿದ್ದೇ ಇಲ್ಲ.

ಪಂಪಿನ ಕತ್ತಲೆಯಲ್ಲಿ ನನ್ನನ್ನು ಬಿಗಿದರು. ಹ್ಯಾಂಡಲ್ ತಿರುಗಿತು. ಎಳೆದೆ, ಬಿಟ್ಟೆ. ಎಳೆದೆ, ಬಿಟ್ಟೆ. ಎಂಜಿನ್ ಎದ್ದಿತು. ದುರ್ಗದವರೆಗೂ ನಾನು ತಾಳ ತಪ್ಪಲಿಲ್ಲ.

ಸಂಜೆಯ ಹೊತ್ತಿಗೆ ಆಸ್ಪತ್ರೆಯ ಮೆಟ್ಟಿಲಿಳಿದು ತುಂಗಮ್ಮ ಕಾರಿನ ಹತ್ತಿರ ಬಂದರು. “ಹೆಣ್ಣುಕೂಸು ಕಣೋ ಬುಡೇನ್. ತಾಯಿ ಮಗು ಚೆನ್ನಾಗಿದ್ದಾರೆ” ಎಂದರು. ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು.

ಕೆಲವು ತಿಂಗಳು ದುಡಿದೆ. ಸ್ಪಿರಿಟ್ಟಿಗೆ ನಾನು ಕರಗಲಿಲ್ಲ, ಒಣಗಿ ಅಂಚು ಬಿರುಕುಬಿಟ್ಟೆ ಅಷ್ಟೆ. ಸಾಬರು ಬೆಂಗಳೂರಿನಿಂದ ರಬ್ಬರು ಬಟ್ಟೆಯ ಬಿಲ್ಲೆ ತಂದು ಹಾಕಿ, ನನ್ನನ್ನು ಕಸಕ್ಕೆ ಎಸೆಯಲು ಕೈಯೆತ್ತಿದರು.

“ಇಲ್ಲಿ ಕೊಡೋ” ಎಂದರು ತುಂಗಮ್ಮ. ಸೆರಗಿನಿಂದ ಒರೆಸಿ, ಹೊಸ ಚರ್ಮ ಕಟ್ಟಿಸಿದ್ದ ಮೃದಂಗದ ಚೀಲದೊಳಗೆ ಇಟ್ಟರು. ದೀಪದ ಹೊತ್ತಾಗಿತ್ತು. ನೇರ ದೇವರಮನೆಗೆ ನಡೆದರು.

“ಅಮ್ಮಾರೆ, ಸ್ನಾನ?” ಸಾಬರು ನಗುತ್ತ ಕೆಣಕಿದರು.

“ಹೋಗೋ, ಮಾಡಿದ್ದಾಗಿದೆ” ಎಂದು ತುಂಗಮ್ಮ ನನ್ನನ್ನು ಮುಟ್ಟಿದ ಕೈಯಲ್ಲೇ ದೀಪ ಹಚ್ಚಿದರು.

ಈಗ ಶನಿವಾರಗಳಲ್ಲಿ ಹೊಸ ಚರ್ಮ ಹಾಡುತ್ತದೆ, ನಾನು ಚೀಲದಲ್ಲಿ ಮಲಗಿ ಕೇಳುತ್ತೇನೆ. ಸುಭದ್ರೆ ತವರಿಗೆ ಬಂದಾಗ ಅವಳ ಮಗಳು ಚೀಲದಲ್ಲಿ ಮೂಗು ತೂರಿಸಿ, “ಅಜ್ಜಿ, ಪೆಟ್ರೋಲು!” ಎಂದು ಕೂಗುತ್ತಾಳೆ. ಅಜ್ಜಿ ಕಣ್ಣು ತೆರೆಯದೆ, ಅವಳನ್ನು ತೊಡೆಗೆಳೆದುಕೊಂಡು, ಬೆನ್ನಿನ ಮೇಲೆ ಮೆಲ್ಲಗೆ ತಾಳ ಹಾಕುತ್ತಾರೆ. ಆ ತಾಳ ನನಗೆ ಗೊತ್ತು.